ಹದಿಮೂರು ಶಾಲೆ, ನಾಲ್ಕು ಹುಡುಗರು

ಕಳೆದ ಮೇ ತಿಂಗಳಲ್ಲಿ ಆರು ವರ್ಷದ ಮಗಳನ್ನು ಕಟ್ಟಿಕೊಂಡು ಭಟ್ಕಳಕ್ಕೆ ಹೊರಟಾಗ ಮನೆಯಲ್ಲಿ ಯಾರಿಗೂ ಅದು ಸರಿ ಕಾಣಲಿಲ್ಲ. ‘ಈ ಸೆಕೆಯಲ್ಲಿ ಕರಾವಳಿಗಾ?’ ಎಂದರು ಕೆಲವರು. ‘ಭಟ್ಕಳಕ್ಕಾ?’ ಎಂದು ಊರಿನ ಹೆಸರನ್ನೇ ಒತ್ತಿ ಕೇಳಿದರು ಇನ್ನು ಕೆಲವರು. ಅವರಿಗೆ ಆ ಊರು ಗೊತ್ತಿರುವುದು ಟಿವಿ ಸುದ್ದಿಯಲ್ಲಿ ಮಾತ್ರ. ನನಗೂ ಅದು ಗೊತ್ತಿದ್ದದ್ದು ಹೆಚ್ಚಾಗಿ ಕಾಗದದಲ್ಲೇ. 14ರಿಂದ 17ನೇ ಶತಮಾನದವರೆಗಿನ ಉತ್ತರ ಕನ್ನಡದ ಬಂದರುಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು. ಜೂನ್ ಒಳಗೆ ಒಂದು ಅಧ್ಯಾಯ ಮುಗಿಸಿ ಕೊಡಬೇಕಿತ್ತು. ಮಗಳಿಗೆ ಬೇಸಿಗೆ ರಜೆ. ಗಂಡನಿಗೆ ರಜೆ ಇಲ್ಲ. ಸಾಗರದಲ್ಲಿರುವ ಅಮ್ಮನಿಗೆ ಮಂಡಿನೋವು, ಓಡಾಡುವ ಮಗುವಿನ ಹಿಂದೆ ಓಡಲಾರಳು. ಹಾಗಾಗಿ ಕ್ಷೇತ್ರಕಾರ್ಯದ ಚೀಲದಲ್ಲಿ ಲ್ಯಾಪ್‌ಟಾಪಿನ ಪಕ್ಕ ಒಂದು ಜೊತೆ ಪುಟ್ಟ ಚಪ್ಪಲಿ, ಬಣ್ಣದ ಪೆನ್ಸಿಲ್ಲು, ವಾಂತಿಗೆಂದು ಪ್ಲಾಸ್ಟಿಕ್ ಕವರು ಸೇರಿಕೊಂಡವು.

ಶಿವಮೊಗ್ಗದಿಂದ ಬಸ್ಸು ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುತ್ತದೆ. ಕವರು ಎರಡು ಸಲ ಉಪಯೋಗಕ್ಕೆ ಬಂತು. ಹೊನ್ನಾವರದಲ್ಲಿ ಬಸ್ಸು ಬದಲಿಸಿ ಭಟ್ಕಳ ಮುಟ್ಟುವ ಹೊತ್ತಿಗೆ ಮಗಳ ಮುಖ ಬಾಡಿತ್ತು. ಆದರೆ ಪೇಟೆಯೊಳಗೆ ಹತ್ತು ಹೆಜ್ಜೆ ಇಟ್ಟದ್ದೇ ಅವಳಿಗೆ ಮತ್ತೆ ಜೀವ ಬಂತು. ಸಂಜೆಯ ಭಟ್ಕಳ ಅಂಥ ಊರು. ಅತ್ತರಿನ ಅಂಗಡಿ, ಬುರ್ಖಾ ಅಂಗಡಿ, ದುಬೈಯಿಂದ ಬಂದ ಚಾಕಲೇಟು, ಆಟಿಕೆಗಳು, ರಸ್ತೆಬದಿಯಲ್ಲಿ ಮಾಲೆ ಮಾಲೆಯಾಗಿ ಮಲ್ಲಿಗೆ. ಸುತ್ತ ಕನ್ನಡ, ಕೊಂಕಣಿ, ಉರ್ದು. ಇವುಗಳ ನಡುವೆ ನವಾಯತರ ನವಾಯತಿ. ಅದು ಕೊಂಕಣಿಯ ಮೈಗೆ ಅರಬ್ಬಿ, ಪಾರಸಿ ಪದಗಳು ಬೆರೆತ ಮಾತು. ರಜೆಗೆ ಕೊಲ್ಲಿ ದೇಶಗಳಿಂದ ಬಂದ ಕುಟುಂಬಗಳು ಮಕ್ಕಳ ಕೈ ಹಿಡಿದು ಓಡಾಡುತ್ತಿದ್ದವು. ಒಂದು ಬಟ್ಟೆ ಅಂಗಡಿಯಲ್ಲಿ ಮಗಳಿಗೆ ಟೋಪಿ ಕೊಳ್ಳುವಾಗ, ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಅವಳ ಗಲ್ಲ ಹಿಡಿದು, ‘ಯಾವ ಕ್ಲಾಸು ಮಗಾ?’ ಎಂದು ಕೇಳಿದರು. ‘ಜೂನ್‌ನಲ್ಲಿ ಒಂದನೇ ಕ್ಲಾಸು’ ಎಂದಳು. ‘ಚೆನ್ನಾಗಿ ಓದಬೇಕು, ಆಯ್ತಾ?’ ಎಂದವರೇ ಕೈಚೀಲದಿಂದ ಒಂದು ಚಾಕಲೇಟು ತೆಗೆದು ಕೊಟ್ಟರು.

ಈ ಗಿಜಿಗಿಜಿ ಭಟ್ಕಳಕ್ಕೆ ಹೊಸದಲ್ಲ. ಊರಿನ ಹೆಸರು ಜೈನ ವೈಯಾಕರಣ ಭಟ್ಟಾಕಳಂಕನಿಂದ ಬಂತು ಎನ್ನುವ ಮಾತಿದೆ. ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ ಬರೆದ ಆ ವಿದ್ವಾಂಸ ಇದೇ ತಾಲೂಕಿನ ಹಾಡುವಳ್ಳಿಯ ಮಠದ ಪರಂಪರೆಯವನು ಎನ್ನುವುದು ನಿಜ. ಆದರೆ ಅವನ ‘ಶಬ್ದಾನುಶಾಸನ’ ಮುಗಿದದ್ದು 1604ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಪೋರ್ಚುಗೀಸರು ‘ಬಟಿಕಲಾ’ ಎಂದು ಬರೆಯುತ್ತಿದ್ದರು. ಶರಾಬಿ ಹೊಳೆಯ ದಂಡೆಯ ಈ ಊರು ಆಗ ವಿಜಯನಗರದ ದೊಡ್ಡ ಬಾಗಿಲುಗಳಲ್ಲೊಂದು. ಹೊರ್ಮುಜ್ ಕಡೆಯಿಂದ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಹಡಗು ಹತ್ತುತ್ತಿದ್ದವು. 16ನೇ ಶತಮಾನದ ಆರಂಭದಲ್ಲಿ ಬರೆದ ದುವಾರ್ತೆ ಬರ್ಬೋಸಾ ಈ ವ್ಯಾಪಾರವನ್ನು ವಿವರಿಸಿದ್ದಾನೆ. 1502ರಲ್ಲಿ ಎರಡನೇ ಸಲ ಬಂದ ವಾಸ್ಕೋ ಡ ಗಾಮ ಭಟ್ಕಳವನ್ನು ಬೆದರಿಸಿ ಕಪ್ಪ ಕೊಡುವಂತೆ ಮಾಡಿದ. 1542ರಲ್ಲಿ ಗವರ್ನರ್ ಮಾರ್ಟಿಮ್ ಅಫೊನ್ಸೊ ದ ಸೋಜಾ ಇಲ್ಲಿನ ರಾಣಿಯ ಮೇಲೆ ದಂಡೆತ್ತಿ ಬಂದು ಊರನ್ನು ಲೂಟಿ ಮಾಡಿ ಸುಟ್ಟ.

ಇದೆಲ್ಲ ನನ್ನ ಬಾಯಿಪಾಠ. ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಕೇತಪೈ ನಾರಾಯಣ ದೇವಸ್ಥಾನಕ್ಕೆ ಹೋದೆವು. 16ನೇ ಶತಮಾನದಲ್ಲಿ ಕೇತಪೈ ಎಂಬ ಕೊಂಕಣಿ ವರ್ತಕ ಕಟ್ಟಿಸಿದ್ದು. ಗೋಡೆಯ ಮೇಲೆ ಸಾಲಾಗಿ ರಾಮಾಯಣ. ನಾನು ಮೇಲಿನ ಸಾಲುಗಳ ಫೋಟೋ ತೆಗೆಯುತ್ತಿದ್ದರೆ ಮಗಳು ತನ್ನ ಎತ್ತರಕ್ಕೆ ಸಿಕ್ಕಿದ್ದನ್ನು ಬೆರಳಿಟ್ಟು ನೋಡುತ್ತಾ ಕೋತಿಗಳನ್ನು ಎಣಿಸುತ್ತಿದ್ದಳು. ಅಲ್ಲಿಂದ ಮಾವಿನಕುರ್ವೆ ಬಂದರಿಗೆ ಬಂದೆವು. ದೋಣಿಗಳು, ಮೀನಿನ ಬುಟ್ಟಿಗಳು, ಕಾಗೆಗಳು. ಅವಳಿಗೆ ಬೇಸರವಾಗದಿರಲೆಂದು ಕಥೆ ಹೇಳಿದೆ: ಹಿಂದೆ ಈ ಊರಿಗೆ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದವು, ಎಷ್ಟೋ ದಿನ ಸಮುದ್ರದ ಮೇಲೆ ನಿಂತು ನಿಂತು ಅವುಗಳ ಕಾಲು ಸೋಲುತ್ತಿದ್ದವು ಅಂತ.

ಅವಳು ಕೇಳಿದಳು, ‘ಹಡಗಲ್ಲಿ ಮಕ್ಕಳೂ ಬರ್ತಿದ್ರಾ?’

‘ಬರ್ತಿದ್ರೇನೋ.’

‘ಮತ್ತೆ ಅವ್ರು ಇಲ್ಲಿ ಶಾಲೆಗೆ ಹೋಗ್ತಿದ್ರಾ?’

ಅವಳಿಗೆ ಜೂನ್ ತಿಂಗಳ ಶಾಲೆಯದೇ ಯೋಚನೆ, ಅದಕ್ಕೇ ಕೇಳಿದ್ದು. ನನ್ನ ಬಳಿ ಮತ್ತೊಂದು ‘ಏನೋ’ ಬಿಟ್ಟರೆ ಉತ್ತರ ಇರಲಿಲ್ಲ. ಮೂರು ವರ್ಷದಿಂದ ನಾನು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ತುಂಬುತ್ತಿದ್ದೇನೆ. ಯಾವ ಬಂದರು, ಯಾವ ವರ್ಷ, ಯಾವ ಸರಕು, ಯಾರ ಹಡಗು, ಯಾರಿಗೆ ಸುಂಕ, ಯಾರ ಆಳ್ವಿಕೆ. ಕುದುರೆಗೆ ಒಂದು ಕಾಲಂ ಇದೆ. ಕಾಳುಮೆಣಸಿಗೆ ಎರಡಿವೆ. ಊರು ಸುಟ್ಟ 1542ರ ಸಾಲಿನಲ್ಲಿ ಗವರ್ನರನ ಹೆಸರಿದೆ, ಕಪ್ಪದ ವಿಷಯವಿದೆ. ಆ ದಿನ ಆ ಊರಿನಲ್ಲಿದ್ದ ಮಕ್ಕಳಿಗೆ ಮಾತ್ರ ಜಾಗವೇ ಇಲ್ಲ.

ಮಧ್ಯಾಹ್ನ ಹೊನ್ನಾವರಕ್ಕೆ ಮರಳಿದೆವು. ಅಲ್ಲಿ ನನ್ನ ಸೋದರತ್ತೆಯ ಮನೆ. ‘ಬಂದ್ಯ ಕೂಸೇ? ಆಸ್ರಿಗೆ ಎಂತಾ ಬೇಕು?’ ಎನ್ನುತ್ತಲೇ ಅತ್ತೆ ಮುರುಗಲು ಹಣ್ಣಿನ ಪಾನಕ ತಂದಿಟ್ಟಳು. ಪೇಟೆ ಕನ್ನಡದಲ್ಲಿ ಬೆಳೆದ ಮಗಳಿಗೆ ‘ಆಸರಿ’ ಅಂದರೆ ಬಾಯಾರಿಕೆ ಎಂದು ಬಿಡಿಸಿ ಹೇಳಬೇಕಾಯಿತು. ಪಾನಕವನ್ನು ಬಿಡಿಸಿ ಹೇಳಬೇಕಾಗಲಿಲ್ಲ. ರಾತ್ರಿ ಊಟಕ್ಕೆ ಅನ್ನ, ತುಪ್ಪ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಕೊನೆಗೆ ಮೊಸರು. ಎಲ್ಲರೂ ಮಲಗಿದ ಮೇಲೆ ಜಗುಲಿಯಲ್ಲಿ ಫ್ಯಾನಿನ ಕೆಳಗೆ ಕೂತು ಲ್ಯಾಪ್‌ಟಾಪ್ ತೆರೆದೆ. ಮಗಳ ಪ್ರಶ್ನೆ ಹೋಗಿರಲಿಲ್ಲ. ನನ್ನ ಬಳಿ ಇರುವ ಪ್ರವಾಸ ಕಥನಗಳನ್ನು ಒಂದೊಂದಾಗಿ ಮಕ್ಕಳಿಗಾಗಿ ಮಾತ್ರ ಓದುತ್ತಾ ಹೋದೆ.

ಮೊದಲು ತೆರೆದದ್ದು ಇಬ್ನ್ ಬತೂತನನ್ನು. ಮೊರಾಕ್ಕೋದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಈತ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಬಳಿ ಖಾಜಿಯಾಗಿದ್ದು, 1340ರ ದಶಕದಲ್ಲಿ ಈ ಕರಾವಳಿಗೆ ಬಂದ. ಹೊನ್ನಾವರವನ್ನು ‘ಹಿನಾವ್ರ್’ ಎನ್ನುತ್ತಾನೆ. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಹೊಳೆಬಾಯಿ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರನ್ನು ಬಿಟ್ಟು ಯಾರೂ ಇಳಿಯದ ಸಮುದ್ರ. ಆಳುವವನು ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್. ಅವನ ಮೇಲೆ ‘ಹರ್ಯಬ್’ ಎಂಬ ದೊರೆ. ಇವನು ವಿಜಯನಗರದ ಹರಿಹರ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಸುಲ್ತಾನನ ನೌಕಾಬಲ, ಗೋವಾದ ಮೇಲೆ ಅವನು ಮಾಡಿದ ದಾಳಿ, ಅದರಲ್ಲಿ ಬತೂತನೂ ಹಡಗು ಹತ್ತಿದ್ದು, ಇವೆಲ್ಲ ನನ್ನ ಪಟ್ಟಿಯಲ್ಲಿ ಆಗಲೇ ಇವೆ.

ಪಟ್ಟಿಯಲ್ಲಿ ಇಲ್ಲದ್ದು ಊಟ. ಸುಲ್ತಾನನ ಮನೆಯ ಊಟವನ್ನು ಅವನು ತುತ್ತು ತುತ್ತಾಗಿ ನೆನೆಯುತ್ತಾನೆ. ತಾಮ್ರದ ತಟ್ಟೆಗೆ ಮೊದಲು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬಡಿಸುವುದಿಲ್ಲ ಎಂದು ತಿಳಿಯಬೇಕು ಎಂದು ಓದುಗರಿಗೆ ಸೂಚನೆಯನ್ನೂ ಕೊಡುತ್ತಾನೆ. ಅಲ್ಲಿನ ಮೆಣಸು ಕಾಳುಮೆಣಸು. ಮೆಣಸಿನಕಾಯಿ ಈ ದಂಡೆಗೆ ಬರಲು ಇನ್ನೂ ಪೋರ್ಚುಗೀಸರು ಬರಬೇಕಿತ್ತು. ಕೋಳಿ, ಮೀನು ಬಿಟ್ಟರೆ ಅತ್ತೆ ಬಡಿಸಿದ ಕ್ರಮಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಅದೇ ಪುಟಗಳಲ್ಲಿ ಆ ಸಾಲೂ ಇತ್ತು. ಹಿನಾವ್ರ್‌ನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದೂ ಬೇರೆಲ್ಲೂ ಇಂಥದ್ದನ್ನು ನೋಡಿಲ್ಲವೆಂದೂ ಅವನು ಹೇಳುತ್ತಾನೆ. ಅಲ್ಲಿನ ಹೆಂಗಸರಿಗೆ ಕುರಾನ್ ಕಂಠಪಾಠ ಎಂದೂ ಬರೆಯುತ್ತಾನೆ. ಹೀಗೆ ಹೇಳುವ ಹೊತ್ತಿಗೆ ಅವನು ಕೈರೋ, ಡಮಾಸ್ಕಸ್, ಮೆಕ್ಕಾ, ದೆಹಲಿಗಳನ್ನು ನೋಡಿ ಆಗಿತ್ತು.

ಈ ಸಾಲು ನನಗೆ ಹೊಸದಲ್ಲ. ಇತಿಹಾಸ ಓದಿದ ಅನೇಕರಿಗೆ ಗೊತ್ತಿರುವ ಸಾಲೇ. ಮೂರು ವರ್ಷದ ಹಿಂದೆ ನಾನೇ ಈ ಅಧ್ಯಾಯದ ಟಿಪ್ಪಣಿ ಮಾಡಿದ್ದೆ. ಹುಡುಕಿ ತೆಗೆದು ನೋಡಿದೆ. ಹಡಗುಗಳ ಸಂಖ್ಯೆ ಇದೆ, ಸೈನಿಕರ ಸಂಖ್ಯೆ ಇದೆ, ಹೊಳೆಬಾಯಿಯ ವಿವರ ಇದೆ. ಶಾಲೆಗಳಿಲ್ಲ. ಆಗ ಮಗಳಿಗೆ ಮೂರು ವರ್ಷ. ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರೆದ ಟಿಪ್ಪಣಿ ಅದು. ನಾಚಿಕೆ ಆಯಿತು.

ಹಾಗಂತ ಸಿಕ್ಕಿದ ಸಾಲನ್ನು ಹಿಗ್ಗಿಸುವಂತಿಲ್ಲ. ಬತೂತ ಇದನ್ನೆಲ್ಲ ಹೇಳಿ ಬರೆಸಿದ್ದು ವರ್ಷಗಳ ನಂತರ ಮೊರಾಕ್ಕೋದಲ್ಲಿ, ಇಬ್ನ್ ಜುಜಯ್ಯ್ ಎಂಬ ವಿದ್ವಾಂಸನಿಗೆ. ಅಂಕಿ ಎಷ್ಟು ನಿಖರವೋ ಹೇಳಲಾಗದು. ಅವನು ಬಳಸುವ ಪದ ‘ಮಕ್ತಬ್’. ಅಂದರೆ ಮುಖ್ಯವಾಗಿ ಕುರಾನ್ ಕಲಿಸುವ ಮಕ್ಕಳ ಶಾಲೆ. ಇಂದಿನ ಶಾಲೆಯ ಕಲ್ಪನೆಯನ್ನು ಅದರ ಮೇಲೆ ಹೊದಿಸಬಾರದು. ಅವನು ಹೇಳುತ್ತಿರುವುದು ಬಂದರಿನ ಮುಸ್ಲಿಂ ಸಮುದಾಯದ ಬಗ್ಗೆ. ಊರಿನ ಬೇರೆ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರೋ ಅವನ ಕಣ್ಣಿಗೆ ಬಿದ್ದಿಲ್ಲ. ಇಷ್ಟೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ: ಲೋಕ ಸುತ್ತಿದ ಒಬ್ಬ ಖಾಜಿ, ಹೊನ್ನಾವರದ ಓಣಿಯಲ್ಲಿ ಹುಡುಗಿಯರು ಓದುವ ದನಿ ಕೇಳಿ ಆಶ್ಚರ್ಯಪಟ್ಟಿದ್ದ. ಬಂದರು ಎಂದರೆ ಸರಕು ಇಳಿಯುವ ಜಾಗ ಮಾತ್ರವಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಬಂದರಿನಲ್ಲಿ ನೆಲೆ ನಿಂತವರು ಮೊದಲು ಕಟ್ಟಿಕೊಳ್ಳುವ ಸಂಗತಿಗಳಲ್ಲಿ ಮಕ್ಕಳ ಪಾಠಶಾಲೆಯೂ ಒಂದು. 1919ರಲ್ಲಿ ಭಟ್ಕಳದಲ್ಲಿ ಶುರುವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇಂದು ಹುಡುಗಿಯರ ಕಾಲೇಜನ್ನೂ ನಡೆಸುತ್ತಿದೆ. ಆರುನೂರು ವರ್ಷ ಹಿಂದಿನ ಆ ಹದಿಮೂರು ಶಾಲೆಗಳಿಗೂ ಇದಕ್ಕೂ ನೇರ ಕೊಂಡಿ ಇದೆ ಎಂದು ನಾನು ಹೇಳಲಾರೆ. ಆದರೆ ಅಂಗಡಿಯಲ್ಲಿ ಗಲ್ಲ ಹಿಡಿದು ಕ್ಲಾಸು ಕೇಳಿದ ಆ ಅಜ್ಜಿ ನೆನಪಾದರು.

ಮರುದಿನ ಕುಮಟಾ. ನನ್ನ ಕಾಲಾವಧಿಗೆ ಅದು ಹೊರಗೆ, ಆದರೆ ಮಗಳಿಗೆ ಸಮುದ್ರದಲ್ಲಿ ಆಡಿಸುವ ಮಾತು ಕೊಟ್ಟಿದ್ದೆ. ಕುಮಟಾದ ವೈಭವ 19ನೇ ಶತಮಾನದ್ದು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತಿ ಬೊಂಬಾಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲೂ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು, ಬೆಳೆದದ್ದು ಬಯಲುಸೀಮೆಯಲ್ಲಾದರೂ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನದಕ್ಕೆ ಬಂಗಾರದ ಬೆಲೆ ಬಂತು. ಅದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. 1880ರ ದಶಕದ ಕೊನೆಯಲ್ಲಿ ರೈಲು ಹುಬ್ಬಳ್ಳಿ ಕಡೆಯಿಂದ ಗೋವಾದ ಮರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಬಂದರು ಸೊರಗಲು ಯಾರೂ ಬೆಂಕಿ ಹಚ್ಚಬೇಕಿಲ್ಲ; ದಾರಿ ಬದಲಾದರೆ ಸಾಕು.

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಸಂಜೆಯ ಕಡಲದಂಡೆಯಲ್ಲಿ ಒದ್ದೆ ಮರಳಿನ ಮೇಲೆ ಕೂತು ಬೆರಳಿನಲ್ಲಿ ಅಂಕಿ ಬರೆಯುತ್ತಿದ್ದಳು. 3 ಮತ್ತು 7 ಇನ್ನೂ ತಿರುಗುಮುರುಗು. ಅಲೆ ಬಂದು ಅಳಿಸುತ್ತಿತ್ತು, ಅವಳು ಮತ್ತೆ ಬರೆಯುತ್ತಿದ್ದಳು. ಪಕ್ಕದಲ್ಲಿ ಆಡುತ್ತಿದ್ದ ಅವಳಿಗಿಂತ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ಬಗ್ಗಿ ನೋಡಿ, ‘ಏಳು ಹಂಗಲ್ಲ, ಹಿಂಗೆ’ ಎಂದು ತಿದ್ದಿದಳು. ನಾನು ಎದ್ದು ಕೂತೆ. ಈ ಚಿತ್ರವನ್ನು ಎಲ್ಲೋ ಓದಿದ್ದೆ.

ಓದಿದ್ದು ಪಿಯೆತ್ರೊ ದೆಲ್ಲಾ ವಾಲ್ಲೆಯಲ್ಲಿ. ರೋಮಿನ ಈ ಪ್ರವಾಸಿ 1623ರ ಅಕ್ಟೋಬರಿನಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದ. 1569ರಿಂದ ಅಲ್ಲಿನ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗೀಸ್ ರಾಯಭಾರಿಯ ಜೊತೆ ಅವನು ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಿದ್ದ. ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ನನ್ನ ತವರೂರಿನ ದಾರಿ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ಒಡತಿಯ ನಗರ ಅವನು ನೋಡುವ ಹೊತ್ತಿಗೆ ಆಗಲೇ ಪಾಳು. ನಾವು ಚೆನ್ನಭೈರಾದೇವಿ ಎಂದು ನೆನೆಯುವ ರಾಣಿಯ ರಾಜ್ಯವನ್ನು ಇಕ್ಕೇರಿಯವರು ಗೆದ್ದು ಎರಡು ದಶಕವೂ ಆಗಿರಲಿಲ್ಲ; ಅಷ್ಟರಲ್ಲೇ ಅರಮನೆಯ ಮೇಲೆ ಗಿಡಮರ ಬೆಳೆದಿದ್ದವು.

ಆ ಪ್ರಯಾಣದ ನಡುವೆ ಒಂದು ದೇವಸ್ಥಾನದ ಜಗುಲಿಯಲ್ಲಿ, ಹೊರೆಗಳನ್ನು ಕಟ್ಟುವವರೆಗೆ ಅವನಿಗೆ ಹೊತ್ತು ಕಳೆಯಬೇಕಿತ್ತು. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪು ಮರಳು ಹರಡಿತ್ತು. ಒಬ್ಬ ರಾಗವಾಗಿ ಹೇಳುತ್ತಾ ಬೆರಳಿನಲ್ಲಿ ಮರಳ ಮೇಲೆ ಬರೆಯುವುದು, ಉಳಿದವರು ಹಾಗೆಯೇ ಹೇಳಿ ಬರೆಯುವುದು, ಜಾಗ ತುಂಬಿದಾಗ ಒರೆಸಿ ಮತ್ತೆ ಮರಳು ಹಾಕುವುದು. ಅವನು ವಿವರಿಸುವ ಮೊದಲ ಪಾಠ ಕನ್ನಡ ಬಲ್ಲ ಯಾರಿಗಾದರೂ ತಕ್ಷಣ ತಿಳಿಯುತ್ತದೆ: ಒಂದೊಂದ್ಲಿ ಒಂದು. ಮಗ್ಗಿ! ಮೇಷ್ಟರಿಲ್ಲದೆ ತಪ್ಪಾದರೆ ತಿದ್ದುವವರು ಯಾರು ಎಂದು ಅವನು ಕೇಳುತ್ತಾನೆ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪಲು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕೇ ಜೊತೆಯಲ್ಲಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಕೊಡುತ್ತಾರೆ ಹುಡುಗರು. ದೆಲ್ಲಾ ವಾಲ್ಲೆ ಅದನ್ನು ಮೆಚ್ಚಿ ಬರೆದಿಟ್ಟ. ನನ್ನ ಕರಾವಳಿಯ ಆಕರಗಳಲ್ಲಿ ಮಕ್ಕಳು ತಾವಾಗಿ ಮಾತಾಡಿದ್ದು ನನಗೆ ಸಿಕ್ಕಿರುವುದು ಇದೊಂದೇ ಕಡೆ.

ಹದಿಮೂರು ಶಾಲೆಯ ಹುಡುಗಿಯರು ಮತ್ತು ನಾಲ್ಕು ಹುಡುಗರ ನಡುವೆ ಹೆಚ್ಚುಕಡಿಮೆ 280 ವರ್ಷ. ಮೊದಲು ಹುಡುಗಿಯರಿದ್ದರು, ಆಮೇಲೆ ಹುಡುಗರಷ್ಟೇ ಉಳಿದರು ಎಂದು ಇದನ್ನು ಇಳಿತದ ಕಥೆಯಾಗಿ ಓದುವ ಆಸೆ ನನಗೂ ಆಯಿತು. ಆದರೆ ಅದು ತಪ್ಪು. ಒಂದು ಕಡಲತಡಿಯ ಮುಸ್ಲಿಂ ಬಂದರು, ಇನ್ನೊಂದು ಘಟ್ಟದ ದಾರಿಯ ದೇವಸ್ಥಾನ. ಸಮುದಾಯ ಬೇರೆ, ಊರು ಬೇರೆ, ನೋಡಿದ ಕಣ್ಣೂ ಬೇರೆ. ಎರಡು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಬಹುದು. ಆ ಗೆರೆ ಇತಿಹಾಸವಾಗುವುದಿಲ್ಲ. ಇಬ್ಬರಿಗೂ ಸಮಾನವಾದದ್ದು ಒಂದೇ. ಇಬ್ಬರೂ ಹೊರಗಿನವರು. ಊರಿನವರಿಗೆ ಮಕ್ಕಳು ಓದುವುದು ದಿನನಿತ್ಯದ ಸಂಗತಿ, ಕಲ್ಲಿನ ಮೇಲೆ ಕೆತ್ತಿಸುವಂಥದ್ದಲ್ಲ. ಶಾಸನಕ್ಕೆ ದಾನ ಬೇಕು, ವೀರಗಲ್ಲಿಗೆ ಸಾವು ಬೇಕು, ಸುಂಕದ ಲೆಕ್ಕಕ್ಕೆ ಸರಕು ಬೇಕು. ಮಗುವಿಗೆ ಏನೂ ಬೇಡವಾದ್ದರಿಂದ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಹಾದುಹೋಗುವ ಯಾರಾದರೂ ನಿಂತು ನೋಡಬೇಕು.

ಮರಳುವಾಗ ಮತ್ತೆ ಗೇರುಸೊಪ್ಪೆಯ ದಾರಿ. ಬಂದರಿನಲ್ಲಿ ದೋಣಿಗಳನ್ನು ದಡಕ್ಕೆ ತರುವ ಮಾತು ಶುರುವಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬತೂತ ಕಂಡ ಮಳೆಗಾಲದ ರಜೆ ಈಗ ಸರಕಾರಿ ಆದೇಶವಾಗಿದೆ. ಕಡಲಿಗೆ ರಜೆ ಸಿಗುವ ಹೊತ್ತಿಗೆ ಮಕ್ಕಳ ರಜೆ ಮುಗಿದಿರುತ್ತದೆ. ಘಟ್ಟದ ತಿರುವುಗಳಲ್ಲಿ ಮಗಳ ಗಮನ ಬೇರೆಡೆ ಸೆಳೆಯಲು ಮಗ್ಗಿ ಹೇಳಿಕೊಡುತ್ತಾ ಬಂದೆ. ಎರಡರ ಮಗ್ಗಿಯಲ್ಲಿ ನಾನೇ ಒಮ್ಮೆ ಬೇಕೆಂದು ತಪ್ಪಿದೆ. ಅವಳು ತಿದ್ದಿದಳು. ಈ ಸಲ ಕವರು ಬೇಕಾಗಲಿಲ್ಲ.

ಅಧ್ಯಾಯ ಜೂನ್‌ಗೆ ಮುಗಿಯಲಿಲ್ಲ, ಜುಲೈಗೆ ಹೋಯಿತು. ಪಟ್ಟಿಯಲ್ಲಿ ‘ಮಕ್ಕಳು’ ಎಂದು ಒಂದು ಹೊಸ ಕಾಲಂ ಸೇರಿಸಿದ್ದೇನೆ. ‘ಇದರಿಂದ ನಿನ್ನ ವಾದಕ್ಕೆ ಏನು ಬಂತು?’ ಎಂದು ಮಾರ್ಗದರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಂದರು ಎಷ್ಟು ದಿನ ಬಾಳಿತು ಎಂಬುದನ್ನು ಸುಂಕದಿಂದ ಅಳೆಯಬಹುದು, ಅಲ್ಲಿ ಬಂದವರು ನೆಲೆ ನಿಲ್ಲಲು ಬಂದರೋ ದೋಚಲು ಬಂದರೋ ಎಂಬುದನ್ನು ಅಳೆಯಲು ಅವರು ಮಕ್ಕಳಿಗೆ ಏನು ಕಟ್ಟಿದರು ಎಂದು ನೋಡಬೇಕು ಎಂದೆ. ‘ಎರಡು ದಾಖಲೆಯಿಂದ?’ ಎಂದರು. ಹೌದು, ಸದ್ಯಕ್ಕೆ ಆ ಕಾಲಂನಲ್ಲಿರುವುದು ಎರಡೇ ದಾಖಲೆ. ಈಗ ಹಳೆಯ ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಓದುತ್ತಿದ್ದೇನೆ. ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಶಾಲೆಗೆ ಹೋದ ಮೇಲೆ ಶುರು ಮಾಡಿ, ಮಧ್ಯಾಹ್ನ ಅವಳು ಬಂದು ‘ಇವತ್ತು ಯಾರಾದ್ರೂ ಸಿಕ್ರಾ?’ ಎಂದು ಕೇಳುವವರೆಗೆ.